ಪದಚರ್ಚೆ: ಸಿಲಿಕಾನ್ ‘ಇಂಗಿಸುವುದು’ ಸರಿಯೋ, ‘ಕುಡಿಸುವುದು’ ಸರಿಯೋ?

ಎಲ್ಲರಿಗೂ ನಮಸ್ಕಾರ.

ಪುಣೆಯ ಭೋಸರಿಯಲ್ಲಿ ಕಾರ್ಬನ್ ನಾರಿನ ಸಿರಾಮಿಕ್ ಬ್ರೇಕ್ ಡಿಸ್ಕ್ ಮಾಡುವ ಕಡೆ ಕೆಲಸದಲ್ಲಿದ್ದೇನೆ. ಭಟ್ಟಿ ನೋಡಿಕೊಳ್ಳುವ ಹುಡುಗರು ಬಹುತೇಕ ವಿಜಯಪುರ, ಕಲಬುರಗಿ ಕಡೆಯವರು. ಅವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಮುಖ್ಯವಾದ ಹಂತಕ್ಕೇ ಒಪ್ಪುವ ಹೆಸರು ಸಿಕ್ಕಿಲ್ಲ.

ತುಂಡು ಮಾಡಿದ ಕಾರ್ಬನ್ ನಾರಿಗೆ ಫಿನಾಲಿಕ್ ರಾಳ ಬೆರೆಸಿ, ಅಚ್ಚಿನಲ್ಲಿ ಒತ್ತಿ ಗಟ್ಟಿ ಮಾಡುತ್ತೇವೆ. ಆಮೇಲೆ ಗಾಳಿ ಸೋಕದಂತೆ ನೈಟ್ರೋಜನ್ನಿನಲ್ಲಿ 900 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸುತ್ತೇವೆ. ರಾಳ ಇದ್ದಿಲಾಗಿ ಕುಗ್ಗುತ್ತದೆ, ನಾರು ಕುಗ್ಗುವುದಿಲ್ಲ. ಹೀಗಾಗಿ ನಾರಿನ ಕಟ್ಟುಗಳ ನಡುವೆ ಸಣ್ಣ ಸಣ್ಣ ಬಿರುಕು ಬೀಳುತ್ತವೆ. ಮುಂದೆ ನಿರ್ವಾತದ ಭಟ್ಟಿಯಲ್ಲಿ ಸಿಲಿಕಾನ್ ಜೊತೆ ಇಟ್ಟರೆ, 1414 ಡಿಗ್ರಿಗೆ ಸಿಲಿಕಾನ್ ಕರಗಿ, ಯಾರೂ ಒತ್ತದೆ ತಾನಾಗಿಯೇ ಬಿರುಕುಗಳಿಗೆ ಇಳಿದು, ಇದ್ದಿಲಿನ ಜೊತೆ ಕೂಡಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಅನಿಲದಿಂದ ಸಿರಾಮಿಕ್ ಕೂರಿಸುವ ವಿಧಾನಕ್ಕೆ ಭಟ್ಟಿ ವಾರಗಟ್ಟಲೆ ನಡೆಯಬೇಕು. ಇಲ್ಲಿ ಒಂದೇ ಸಲಕ್ಕೆ ಮುಗಿಯುವುದರಿಂದ ಖರ್ಚು ಕಡಿಮೆ.

ಹೀಗೆ ಇಳಿಯುವುದಕ್ಕೆ ಏನೆನ್ನಬೇಕು? ‘ಒಳನುಸುಳುವಿಕೆ’ ನನಗೆ ಒಪ್ಪಿಗೆಯಿಲ್ಲ. ಅದು ಪತ್ರಿಕೆಗಳಲ್ಲಿ ಗಡಿಯ ಸುದ್ದಿಗೆ ಅಂಟಿಕೊಂಡ ಮಾತು. ನುಸುಳುವುದೆಂದರೆ ಕಣ್ಣು ತಪ್ಪಿಸಿ ಬರುವುದು ತಾನೆ? ‘ಇಂಗು’ ಚೆನ್ನಾಗಿದೆ, ಇಂಗುಗುಂಡಿ ಗೊತ್ತಿಲ್ಲದ ರೈತರ ಮಕ್ಕಳಿಲ್ಲ. ಸಣ್ಣ ಸಂದು, ತಾನಾಗಿ ಇಳಿಯುವುದು, ಎರಡೂ ಅರ್ಥ ಅದರಲ್ಲಿವೆ. ಆದರೆ ಇಂಗಿದ ನೀರು ನೀರಾಗಿಯೇ ಇರುತ್ತದೆ, ಸಿಲಿಕಾನ್ ಬಹುಪಾಲು ಸಿಲಿಕಾನ್ ಆಗಿ ಉಳಿಯುವುದಿಲ್ಲ.

ಹುಡುಗರದು ಬೇರೆಯೇ ಮಾತು. ಭಟ್ಟಿಯಿಂದ ತೆಗೆದ ಡಿಸ್ಕ್ ತಕ್ಕಡಿಯಲ್ಲಿ ಕಡಿಮೆ ತೂಗಿದರೆ, “ಪೂರಾ ಕುಡದಿಲ್ರೀ ಸರ್” ಅನ್ನುತ್ತಾರೆ. ಇಟ್ಟಿಗೆ ನೀರು ಕುಡಿಯಿತು ಅನ್ನುವ ಹಾಗೆ. ಈ ಮಾತು ನನಗೆ ಬಹಳ ಹಿಡಿಸಿದೆ. ಕುಡಿದದ್ದು ಮೈಗೆ ಹತ್ತುತ್ತದೆ, ಬೇರೆಯೇ ಆಗುತ್ತದೆ. ಇಲ್ಲಿ ನಡೆಯುವುದೂ ಅದೇ. ಸಿಲಿಕಾನ್ ನಾರಿನವರೆಗೂ ಹೋಗಿ ಡಿಸ್ಕ್ ಪೆಡಸಾದರೆ “ನಾರು ತಿಂದೈತ್ರೀ” ಎನ್ನುತ್ತಾರೆ. ದೋಷಕ್ಕೂ ಹೆಸರು ಸಿಕ್ಕಂತಾಯಿತು.

ನನ್ನ ಒಲವು ‘ಸಿಲಿಕಾನ್ ಕುಡಿಸುವುದು’ ಕಡೆಗೆ. ಕೈಪಿಡಿಯ ತಲೆಬರಹಕ್ಕೆ ಇದು ತೀರ ಆಡುಮಾತು ಅನ್ನಿಸುತ್ತದೆಯೇ? ಇಳಕಲ್, ಗುಳೇದಗುಡ್ಡದ ನೇಕಾರರ ಮಾತು ಬಲ್ಲವರಿದ್ದರೆ ಇನ್ನೊಂದು ಕೇಳಿಕೆ: ನೂಲಿಗೆ ಬಣ್ಣ, ಗಂಜಿ ಒಳತನಕ ಇಳಿಯುವುದಕ್ಕೆ ಅಲ್ಲಿ ಏನನ್ನುತ್ತಾರೆ?