ಹೊಸ ಸೀಲ್ ಹಾಕಿದರೂ ಗೇರ್ ಆಯಿಲ್ ಸೋರುತ್ತಿದೆ: ಬ್ರೀದರ್ ಕಟ್ಟಿಕೊಂಡಿರಬಹುದೇ?

ತೋಟದ ದಾರಿ:
ನಮಸ್ಕಾರ. ನನ್ನದು ಐದು ಗೇರಿನ, ಫ್ರಂಟ್ ವೀಲ್ ಡ್ರೈವ್‌ನ ಹಳೆಯ ಹ್ಯಾಚ್‌ಬ್ಯಾಕ್. ತೀರ್ಥಹಳ್ಳಿ ಕಡೆಯ ಮಣ್ಣುದಾರಿಯಲ್ಲಿ ದಿನವೂ ಓಡುತ್ತದೆ. ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುತ್ತದೆ. ಎಡಗಡೆಯ ಡ್ರೈವ್ ಶಾಫ್ಟ್ (ಚಕ್ರ ತಿರುಗಿಸುವ ದಂಡ) ಗೇರ್‌ಬಾಕ್ಸಿಗೆ ಸೇರುವಲ್ಲಿ ಆಯಿಲ್ ಸೋರುತ್ತಿದ್ದುದರಿಂದ ಮಳೆಗಾಲಕ್ಕೆ ಮುಂಚೆ ಸೀಲ್ ಬದಲಾಯಿಸಿದ್ದಾಯಿತು. ಈಗ ಅದೇ ಜಾಗ ಮತ್ತೆ ಒದ್ದೆಯಾಗಿದೆ. ಊರೊಳಗೆ ಓಡಾಡಿದ ದಿನ ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ. ಘಾಟಿ ಹತ್ತಿ ಬಂದ ರಾತ್ರಿ ಮಾತ್ರ ಅಂಗಳದಲ್ಲಿ ಅಂಗೈಯಗಲದ ಕಲೆ ಬಿದ್ದಿರುತ್ತದೆ. ಮೆಕ್ಯಾನಿಕ್ ಇನ್ನೊಂದು ಸೀಲ್ ಹಾಕೋಣ ಎನ್ನುತ್ತಿದ್ದಾರೆ. ಬ್ರೀದರ್, ಅಂದರೆ ಗೇರ್‌ಬಾಕ್ಸಿನೊಳಗಿನ ಗಾಳಿ ಹೊರಗೂ ಒಳಗೂ ಆಡುವ ಸಣ್ಣ ದಾರಿ, ಕಟ್ಟಿಕೊಂಡರೂ ಹೀಗಾಗುವುದುಂಟೇ? ಅದನ್ನು ಮನೆಯಲ್ಲೇ ಪರೀಕ್ಷಿಸಬಹುದೇ?

ಸ್ಪ್ಯಾನರ್ 17:
ಖಂಡಿತ ಆಗುತ್ತದೆ. ದೂರ ಓಡಿ ಬಿಸಿಯಾದಾಗ ಮಾತ್ರ ಸೋರುತ್ತದೆ ಎಂದಿರಲ್ಲ, ಮೊದಲು ಅನುಮಾನಿಸಬೇಕಾದದ್ದು ಬ್ರೀದರನ್ನೇ. ಗೇರ್‌ಬಾಕ್ಸಿನೊಳಗೆ ಆಯಿಲಿನ ಮೇಲೆ ಗಾಳಿ ಇರುತ್ತದೆ. ಅದು 27 ಡಿಗ್ರಿ ಸೆಲ್ಸಿಯಸ್‌ನಿಂದ 87 ಡಿಗ್ರಿಗೆ ಏರಿತೆನ್ನಿ. ಕೆಲ್ವಿನ್ ಲೆಕ್ಕದಲ್ಲಿ ಸುಮಾರು 300ರಿಂದ 360. ಹೊರಹೋಗಲು ದಾರಿಯೇ ಇಲ್ಲದಿದ್ದರೆ ಒತ್ತಡ ಐದರಲ್ಲೊಂದು ಪಾಲು ಹೆಚ್ಚುತ್ತದೆ, ಅಂದರೆ ಹತ್ತಿರ ಹತ್ತಿರ 3 ಪಿಎಸ್‌ಐ. ಟೈರಿಗೆ 30 ಪಿಎಸ್‌ಐ ತುಂಬಿಸುವವರಿಗೆ ಇದು ಅಲ್ಪವೆನಿಸಬಹುದು. ಆದರೆ ಸೀಲಿನ ರಬ್ಬರ್ ತುಟಿ ಇರುವುದು ಗೇರುಗಳು ಎರಚುವ ಆಯಿಲನ್ನು ತಡೆಯಲಿಕ್ಕೇ ಹೊರತು ಒತ್ತಡವನ್ನು ಹಿಡಿದಿಡಲಿಕ್ಕಲ್ಲ. ಬ್ರೀದರ್ ತೆರೆಯದೆ ಸೀಲ್ ಮೇಲೆ ಸೀಲ್ ಹಾಕಿಸುವುದು ದುಡ್ಡು ದಂಡ.

ಬ್ರೀದರ್ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿರುತ್ತದೆ. ಹಲವು ಕಾರುಗಳಲ್ಲಿ ಬ್ಯಾಟರಿ ಮತ್ತು ಅದರ ಟ್ರೇ ತೆಗೆದರೆ ಮಾತ್ರ ಕಾಣುತ್ತದೆ. ಕೆಲವದರಲ್ಲಿ ಚಿಕ್ಕ ಕೊಳವೆಯ ಮೇಲೊಂದು ಟೋಪಿ, ಕೆಲವದರಲ್ಲಿ ಮೇಲಕ್ಕೆ ಹೋಗುವ ರಬ್ಬರ್ ಪೈಪ್. ಸಡಿಲವಾಗಿ ಕೂರುವ ಲೋಹದ ಟೋಪಿಯಾದರೆ ಬೆರಳಿನಿಂದ ತಟ್ಟಿದಾಗ ಅಲುಗಾಡಬೇಕು, ತಿರುಗಿಸಿದರೆ ತಿರುಗಬೇಕು. ಅಂಚಿನ ಸುತ್ತ ಧೂಳೂ ಆಯಿಲೂ ಬೆರೆತು ಕಪ್ಪು ಮೇಣದಂತೆ ಗಟ್ಟಿಯಾಗಿದ್ದರೆ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಖಾತ್ರಿಪಡಿಸಿಕೊಳ್ಳಲು, ಒಂದು ಸುತ್ತು ಓಡಿಸಿ ಬಂದು ಎಂಜಿನ್ ಆಫ್ ಮಾಡಿ, ಗೇರ್‌ಬಾಕ್ಸ್ ಇನ್ನೂ ಬೆಚ್ಚಗಿರುವಾಗಲೇ ಫಿಲ್ಲರ್ ಪ್ಲಗ್ಗನ್ನು (ಆಯಿಲ್ ತುಂಬಿಸುವ ತೂತಿನ ಮುಚ್ಚಳ) ನಿಧಾನವಾಗಿ ಸಡಿಲಿಸಿ. ಬುಸ್ಸೆಂದು ಗಾಳಿ ಹೊರಬಂದರೆ ಒಳಗೆ ಒತ್ತಡವಿತ್ತೆಂದು ಅರ್ಥ. ಆಯಿಲ್ ಚಿಮ್ಮಬಹುದು; ಕೈಗವಸು ಹಾಕಿಕೊಳ್ಳಿ, ಮುಖ ದೂರವಿರಲಿ. ಕಾರಿನ ಕೆಳಗೆ ನುಗ್ಗಬೇಕಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ಹಳ್ಳ ದಾಟುವವ:
ಮಲೆನಾಡಿನವರು ಇನ್ನೊಂದು ಮುಖವನ್ನೂ ಗಮನಿಸಬೇಕು. ಬಿಸಿಯಾದ ಗೇರ್‌ಬಾಕ್ಸ್ ತುಂಬಿದ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆಗ ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲಿನ ತುಟಿಯ ಸಂದಿಯಿಂದಲೇ ನೀರು ಒಳಸೇರಬಹುದು. ಪ್ಲಗ್ ತೆರೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ಬ್ರೀದರ್ ತೊಳೆದು ಸುಮ್ಮನಾಗುವಂತಿಲ್ಲ. ಆಯಿಲ್ ಪೂರ್ತಿ ಬದಲಾಯಿಸಿ, ಸ್ವಲ್ಪ ದಿನ ಓಡಿಸಿ, ಮತ್ತೊಮ್ಮೆ ತೆರೆದು ನೋಡಬೇಕು. ಬೇರಿಂಗಿಗೆ ತುಕ್ಕು ಹಿಡಿದ ಮೇಲೆ ಉಳಿಯುವುದು ದೊಡ್ಡ ಖರ್ಚಿನ ಕೆಲಸ.

ತೋಟದ ದಾರಿ:
ಇಬ್ಬರಿಗೂ ಧನ್ಯವಾದಗಳು. ಬ್ಯಾಟರಿ ಟ್ರೇ ತೆಗೆದು ನೋಡಿದೆ. ಟೋಪಿ ಅಲುಗಾಡುತ್ತಿಲ್ಲ, ಸುತ್ತ ಕೆಂಪುಮಣ್ಣು ಹೆಪ್ಪುಗಟ್ಟಿದೆ. ಪ್ಲಗ್ ಸಡಿಲಿಸಿದಾಗ ಗಾಳಿಯ ಸದ್ದು ಸ್ಪಷ್ಟವಾಗಿ ಕೇಳಿಸಿತು. ಆಯಿಲಿನ ಬಣ್ಣ ಸರಿಯಾಗಿದೆ. ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ಹೊಡೆಸಿದರೆ ಸಾಕೇ?

ಸ್ಪ್ಯಾನರ್ 17:
ಗೇರ್‌ಬಾಕ್ಸಿನ ಮೇಲಿರುವಾಗಲೇ ಕಂಪ್ರೆಸರ್ ಗಾಳಿ ಹೊಡೆಸಬೇಡಿ. ಕೊಳೆಯೆಲ್ಲ ಒಳಗೆ ಹೋಗುತ್ತದೆ. ಜೊತೆಗೆ, ಯಾವ ಒತ್ತಡದಿಂದ ಸೀಲನ್ನು ಕಾಪಾಡಬೇಕೆಂದಿದ್ದೇವೋ ಅದನ್ನು ನಾವೇ ಹಲವು ಪಟ್ಟು ಹೆಚ್ಚಿಸಿದಂತಾಗುತ್ತದೆ. ಮೊದಲು ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ಕೆರೆದು, ಬಟ್ಟೆಗೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಆಮೇಲೆ ಬಿಚ್ಚಲು ಬರುವ ಬ್ರೀದರ್ ಆದರೆ ಬಿಚ್ಚಿ, ಆ ತೂತಿಗೆ ಶುದ್ಧವಾದ ಬಟ್ಟೆ ಮುಚ್ಚಿ, ಬ್ರೀದರನ್ನು ಹೊರಗೆ ತೊಳೆದು ಗಾಳಿ ಹೊಡೆಸಿ. ಬಿಚ್ಚಲು ಬಾರದ ಟೋಪಿಯಾದರೆ ಅಂಚಿಗೆ ಕ್ಲೀನರ್ ಸ್ವಲ್ಪ ಸ್ವಲ್ಪವೇ ಹಾಕುತ್ತ, ಸಡಿಲವಾಗಿ ತಿರುಗುವವರೆಗೆ ಕೈಯಿಂದಲೇ ಆಡಿಸಿ. ತುಕ್ಕು ತಿಂದಿದ್ದರೆ ಹೊಸದನ್ನೇ ಹಾಕಿ. ಸಿಲಿಕೋನ್ ಮೆತ್ತಿ ಮುಚ್ಚುವವರನ್ನು ಹತ್ತಿರ ಬಿಡಬೇಡಿ.

ಆಯಿಲ್ ಮಟ್ಟವನ್ನು ಸಮತಟ್ಟಾದ ನೆಲದಲ್ಲಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ಇದ್ದರೆ ಸರಿ. ಅದಕ್ಕಿಂತ ಹೆಚ್ಚು ತುಂಬಿಸಿದರೆ ಬ್ರೀದರ್ ಚೆನ್ನಾಗಿದ್ದರೂ ಅದರ ಮೂಲಕವೇ ಆಯಿಲ್ ಹೊರಬರುತ್ತದೆ. ಎಂಥ ಆಯಿಲ್ ಎಂಬುದಕ್ಕೆ ಕಾರಿನ ಕೈಪಿಡಿಯೇ ಪ್ರಮಾಣ. ಅದರಲ್ಲಿ ಗೇರ್ ಆಯಿಲಿನ ದರ್ಜೆ ಜಿಎಲ್-4 ಎಂದಿದ್ದರೆ ಜಿಎಲ್-5 ಹಾಕಿಸಬೇಡಿ. ಜಿಎಲ್-5ರ ಕೆಲವು ರಾಸಾಯನಿಕಗಳಿಂದ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ (ಗೇರ್ ಸಲೀಸಾಗಿ ಬೀಳುವಂತೆ ವೇಗ ಹೊಂದಿಸುವ ಬಳೆಗಳು) ಹಾನಿಯಾಗಬಹುದು.

ಸೀಲನ್ನು ಈಗಲೇ ಕೀಳಿಸಬೇಡಿ. ಆ ಜಾಗವನ್ನು ಒರೆಸಿ ಒಣಗಿಸಿ, ಘಾಟಿ ಹತ್ತಿ ಬಂದು ನೋಡಿ. ಮತ್ತೆ ಒದ್ದೆಯಾದರೆ ತುಟಿ ಮಡಚಿಕೊಂಡಿರಬಹುದು, ಇಲ್ಲವೇ ಶಾಫ್ಟ್ ಮೇಲೆ ಗೆರೆ ಬಿದ್ದಿರಬಹುದು. ಆಗ ಮೆಕ್ಯಾನಿಕ್ ಹೇಳಿದಂತೆ ಸೀಲ್ ಹಾಕಿಸಿ, ಶಾಫ್ಟನ್ನೂ ಉಗುರು ಸವರಿ ಪರೀಕ್ಷಿಸಲು ಹೇಳಿ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕೂಡುಜಾಗದಲ್ಲಿ ಆಯಿಲ್ ತೊಟ್ಟಿಕ್ಕುತ್ತಿದೆಯೇ ಎಂಬುದನ್ನೂ ಗಮನಿಸಿ. ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ದಂಡ) ಸುತ್ತಲಿನ ಸೀಲ್ ದಾಟಿ ಬಂದ ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿದರೆ ಏರಿನಲ್ಲಿ ಎಂಜಿನ್ ಸದ್ದು ಏರುತ್ತದೆ, ಕಾರಿನ ವೇಗ ಏರುವುದಿಲ್ಲ.