ಮರು: 'ಪ್ಲಗ್ ವೆಲ್ಡ್'ಗೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಮೈಸೂರು ರಸ್ತೆಯ ಒಂದು ಗ್ಯಾರೇಜಿಗೆ ಗೋಡೆ ಹಾಳೆ ಬರೆದುಕೊಡುತ್ತಿದ್ದೇನೆ. ಗುದ್ದಿಸಿಕೊಂಡು ಬಂದ ಕಾರುಗಳ ಬಾಡಿ ಕೆಲಸ ಕಲಿಯುವ ಹುಡುಗರಿಗೆ. ಸಂಜೆ ಪ್ರಿಂಟಿಗೆ ಹೋಗಬೇಕು. ವೆಲ್ಡಿಂಗಿಗೆ ಬೆಸುಗೆ, ಸ್ಪಾಟ್ ವೆಲ್ಡಿಗೆ ಚುಕ್ಕಿ ಬೆಸುಗೆ ಎಂದು ಹಾಕಿದ್ದೇನೆ. ಸಿಕ್ಕಿಕೊಂಡಿರುವುದು ಪ್ಲಗ್ ವೆಲ್ಡಿನಲ್ಲಿ. ತಗಡುಗಳನ್ನು ಕೂಡಿಸಿದ ಕಾರ್ಖಾನೆಯ ಚುಕ್ಕಿ ಬೆಸುಗೆಗಳನ್ನು ಡ್ರಿಲ್ ಮಾಡಿ ಬಿಡಿಸಿ, ಹೊಸ ಪ್ಯಾನೆಲಿಗೆ (ಬಾಡಿಯ ತಗಡಿನ ಭಾಗಕ್ಕೆ) ಸುಮಾರು 8 ಮಿ.ಮೀ. ತೂತು ಹೊಡೆದು, ಅದರ ಮೂಲಕ ಮಿಗ್ (ಅನಿಲದ ಕಾಪಿನಲ್ಲಿ ತಂತಿ ಕರಗಿಸಿ ಬೆಸೆಯುವ) ಟಾರ್ಚಿನಲ್ಲಿ ಕೆಳಗಿನ ತಗಡಿಗೆ ಬೆಸೆಯುತ್ತಾರಲ್ಲ, ಅದು. 'ತೂತು ಬೆಸುಗೆ' ಸಾಕಾ?
— ನಾಯಂಡಹಳ್ಳಿ

> 'ತೂತು ಬೆಸುಗೆ' ಸಾಕಾ?

ಸಾಲದು. ಪ್ಲಗ್ ಎಂದರೆ ಬಿರಡೆ. ಆದ್ದರಿಂದ ಬಿರಡೆ ಬೆಸುಗೆ. ಇದರಲ್ಲಿ ಚರ್ಚೆಗೆ ಏನಿದೆ? ಹಾಗೇ 'ಪ್ಯಾನೆಲ್' ಯಾಕೆ? ಹಲಗೆ ಎನ್ನಿ.
— ಬಸವನಗುಡಿ

ಹಲಗೆ ಎಂದರೆ ಹುಡುಗ ಮರದ ಅಂಗಡಿಗೆ ಹೋಗುತ್ತಾನೆ ಸ್ವಾಮಿ.

ನಾನು ಟಿಂಕರಿಂಗ್ ಕಲಿಸುವವನು. ಬಾಗಿಲಿನ ಹೊರತಗಡು 0.7, 0.8 ಮಿ.ಮೀ. ಇರುತ್ತದೆ. ಕರೆಂಟ್ ಸ್ವಲ್ಪ ಜಾಸ್ತಿ ಆದರೆ, ಕೈ ಒಂದು ಕಡೆ ನಿಂತರೆ, ಸುಟ್ಟು ಕಿತ್ತುಹೋಗುತ್ತದೆ. ಆಗ ನಾವು ಹೇಳುವುದು 'ತೂತು ಬಿತ್ತು' ಅಂತ. ಅದು ಬೈಗುಳ. ಕಲಿಸುವ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಒಂದೇ ಮಾತು ಇಟ್ಟರೆ ಹೇಗೆ?

ಬಿರಡೆಯೂ ಬೇಡ. ಬಿರಡೆ ಮೇಲಿಂದ ತುರುಕುವ ವಸ್ತು, ಎಳೆದರೆ ಬರುತ್ತದೆ. ಕಲಿಯುವವರು ಮಾಡುವ ತಪ್ಪೂ ಅದೇ, ಮೇಲಿನ ತೂತಿನ ಅಂಚಿಗಷ್ಟೇ ಲೋಹ ಬಿಡುವುದು. ನೋಡಲು ಚೆಂದ ಇರುತ್ತದೆ, ಹಿಡಿತ ಇರುವುದಿಲ್ಲ. ತಗಡುಗಳನ್ನು ಸಂದಿಲ್ಲದ ಹಾಗೆ ಕ್ಲ್ಯಾಂಪ್ ಮಾಡಿ, ತೂತಿನ ನಡುವೆ ಕೆಳಗಿನ ತಗಡಿನ ಮೇಲೆ ಆರ್ಕ್ (ಕರೆಂಟಿನ ಕಿಡಿ) ಹೊತ್ತಿಸಬೇಕು. ಅದು ಕರಗಿದ ಮೇಲೆ ಸುತ್ತುತ್ತಾ ಅಂಚಿಗೆ ಬರಬೇಕು. ಗುಜರಿ ತಗಡಿನಲ್ಲಿ ಅಭ್ಯಾಸ ಮಾಡಿಸಿ ಉಳಿಯಲ್ಲಿ ಎಬ್ಬಿಸುತ್ತೇವೆ. ಕೆಳಗಿನ ತಗಡು ಅಂಗಿ ಗುಂಡಿಯಷ್ಟು ಹರಿದು ಬಂದರೆ ಪಾಸ್. ಸಲೀಸಾಗಿ ಬಿಟ್ಟುಕೊಂಡರೆ ಮತ್ತೆ ಮಾಡು.

ಹಾಳೆಯಲ್ಲಿ ಪದಕ್ಕಿಂತ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕೆಂದು ಬರೆಯಿರಿ. ಸತುವು ಲೇಪದ ತಗಡಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಅದನ್ನೂ ಬರೆಯಿರಿ.
— ಪೀಣ್ಯ

ಮೂಲದಲ್ಲೇ ತಪ್ಪಿದೆ. ಬೆಸುಗೆ ಅಕ್ಕಸಾಲಿಗರ ಮಾತು. ಬೇಗ ಕರಗುವ ಇನ್ನೊಂದು ಲೋಹ ಹಾಕಿ ಕೂಡಿಸುವುದು. ವೆಲ್ಡಿಂಗಿನಲ್ಲಿ ತಗಡೇ ಕರಗಿ ಒಂದಾಗುತ್ತದೆ. ಸಾಲ್ಡರಿಂಗಿಗೂ ವೆಲ್ಡಿಂಗಿಗೂ ಒಂದೇ ಪದ ಇಟ್ಟ ಮೇಲೆ ಪ್ಲಗ್ಗಿನ ಚಿಂತೆ ಯಾಕೆ? 'ಕರಗೂಡಿಕೆ' ಎಂದು ನಾನು ಇಲ್ಲಿ ಎಷ್ಟೋ ಸಲ ಹೇಳಿದ್ದೇನೆ.
— ಮಲ್ಲೇಶ್ವರ

ಹೇಳಿದ್ದೀರಿ. ಯಾರೂ ಬಳಸಿಲ್ಲ. 'ಬೆಸೆ' ಎಂದರೆ ಕೂಡಿಸು, ಹೇಗೆ ಕೂಡಿಸಿದರು ಎಂಬುದು ಅದರಲ್ಲಿಲ್ಲ. ಸ್ನೇಹವನ್ನೂ ಬೆಸೆಯುತ್ತೇವೆ, ಅಲ್ಲಿ ಯಾವ ಸತುವು, ಯಾವ ತವರ? ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ, ಮಿಗ್ ಬಂದದ್ದು 1940ರ ದಶಕದ ಕೊನೆಗೆ. ಹಳೆಯ ಅರ್ಥದ ಬೇಲಿಯನ್ನು ಹೊಸ ಕೆಲಸಕ್ಕೆ ಕಟ್ಟಬೇಡಿ.
— ಬಸವನಗುಡಿ

ಬೇಲಿ ಕಟ್ಟುವವರು ಯಾರು? ನಿಮ್ಮ ಮನೆಯಲ್ಲಿ ಚಾವಿ, ಅಲಮಾರು ಇವೆ ತಾನೇ? ಎರಡೂ ಪೋರ್ಚುಗೀಸರ ಕಡೆಯಿಂದ ಬಂದವು. ಅವಕ್ಕೆ ಒಳಗೆ ಜಾಗ, ಪ್ಯಾನೆಲಿಗೆ ಮಾತ್ರ ಬಾಗಿಲು ಹಾಕುವುದಾ?
— ಜಯನಗರ

ಅವು ಕನ್ನಡದ ಬಾಯಿಗೆ ಪಳಗಿ ಬಂದವು. 'ಆ್ಯ' ಎಂದು ಬಾಯಿ ಸೊಟ್ಟ ಮಾಡಿಸುವ ಪದ ಪಳಗಿಲ್ಲ.
— ಬಸವನಗುಡಿ

ಬ್ಯಾಂಕಿಗೆ ಹೋಗುವುದಿಲ್ಲವಾ ನೀವು?
— ಜಯನಗರ

ಇನ್ನೊಂದು. ಮಿಗ್ ಎಂದು ಬರೆದಿದ್ದೀರಿ. ಮಿಗ್ ಎಂದರೆ ಜಡ ಅನಿಲದ್ದು. ಉಕ್ಕಿಗೆ ಕಾಪಿನ ಅನಿಲವಾಗಿ ಕಾರ್ಬನ್ ಡೈಆಕ್ಸೈಡ್ ಹಾಕಿದರೆ ಲೆಕ್ಕಕ್ಕೆ ಅದು ಮ್ಯಾಗ್. ನಮ್ಮಲ್ಲಿ ಹುಡುಗರ ಬಾಯಲ್ಲಿ ಬರುವುದು 'ಸಿಓಟು'. ಅದನ್ನೇ ಬರೆಯಿರಿ, ಸುಮ್ನೆ ಗೊಂದಲ ಬೇಡ.
— ಪೀಣ್ಯ

ಪ್ರಿಂಟಿನವರು ಫೋನ್ ಮಾಡುತ್ತಿದ್ದಾರೆ. 'ಪ್ಲಗ್ ಬೆಸುಗೆ' ಎಂದು ಇಟ್ಟು, ಕೆಳಗೆ 'ಕೆಳತಗಡಿನಿಂದ ಶುರು ಮಾಡಿ ತೂತು ತುಂಬಿಸು' ಎಂದು ಸೇರಿಸಿದ್ದೇನೆ. ಪ್ಯಾನೆಲ್ ಪ್ಯಾನೆಲ್ಲಾಗೇ ಇರುತ್ತದೆ. ಸಿಓಟು ಹಾಕಿದೆ. ಬ್ಯಾಟರಿ, ಹೊಗೆ ಎರಡೂ ಮೇಲ್ಗಡೆ ಕೆಂಪಕ್ಷರದಲ್ಲಿ. ಪೀಣ್ಯದವರಿಗೆ ಥ್ಯಾಂಕ್ಸ್.
— ನಾಯಂಡಹಳ್ಳಿ

ಅರ್ಧ ಇಂಗ್ಲಿಷು, ಅರ್ಧ ಕನ್ನಡ. ನನ್ನ ಒಪ್ಪಿಗೆ ಇಲ್ಲ.
— ಬಸವನಗುಡಿ

ಬೆಸುಗೆ ಎಂದೇ ಹಾಕಿದಿರಾ? ಸರಿ ಬಿಡಿ.
— ಮಲ್ಲೇಶ್ವರ