ಅಮ್ಮನ ಮೊಣಗಂಟಿಗೆ ಕೋಬಾಲ್ಟ್ ಕ್ರೋಮ್ ಅಂತಾರೆ, ಟೈಟಾನಿಯಂ ಕೇಳಬೇಕಾ?

ಕಾಪುತೀರ:
ಅಮ್ಮನಿಗೆ 68. ಎರಡೂ ಮೊಣಗಂಟು ಸವೆದಿದೆ, ಮೊದಲು ಬಲದ್ದು ಬದಲಿಸುವ ಆಪರೇಷನ್ ಮಾಡುವ ಅಂತ ಮಂಗಳೂರಿನ ಡಾಕ್ಟ್ರು ಹೇಳಿದ್ದಾರೆ. ಹಾಕುವುದು ಕೋಬಾಲ್ಟ್ ಕ್ರೋಮ್ ಅನ್ನುವ ಮಿಶ್ರಲೋಹದ ಗಂಟು. ಮುಂಬೈಯ ಮಾವನದ್ದು ಫೋನಿನಲ್ಲಿ ಒಂದೇ ಹಠ: "ಅದು ಹಳೇ ಲೋಹ, ಟೈಟಾನಿಯಂ ಹಾಕಿಸಿ." ನನಗೆ ಬೇರೆ ಹೆದರಿಕೆ. ಗಿಲೀಟಿನ ಬೆಂಡೋಲೆ ಹಾಕಿದರೆ ಸಂಜೆಯೊಳಗೆ ಅಮ್ಮನ ಕಿವಿ ಕೆಂಪಾಗಿ ನೀರು ಒಸರುತ್ತದೆ. ಮೈಯೊಳಗೇ ಲೋಹ ಕೂತರೆ ಎಂತ ಆಗ್ತದೋ. ಗೊತ್ತಿದ್ದವರು ಹೇಳಿ.

ಬಜ್ಪೆಯವಳು:
ನಮ್ಮ ಅತ್ತೆಗೆ ಇದೇ ಹಾಕಿದ್ದು, ಚೆನ್ನಾಗಿ ನಡೆಯುತ್ತಾರೆ. ಏರ್‌ಪೋರ್ಟಿನಲ್ಲಿ ಮಾತ್ರ ಮೆಷಿನು ಕೂಗ್ತದೆ. ಡಿಸ್ಚಾರ್ಜ್ ಪೇಪರಿನ ಒಂದು ಪ್ರತಿ ಬ್ಯಾಗಿನಲ್ಲಿರಲಿ.

ಮಣಿಪಾಲ ಲ್ಯಾಬ್:
ನಾನು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವ. ತೆಗೆದು ಹಾಕುವ ಹಲ್ಲಿನ ಸೆಟ್ಟಿನ ಫ್ರೇಮು ಎರಕ ಹೊಯ್ಯುವುದು ಕೋಬಾಲ್ಟ್ ಕ್ರೋಮಿನಲ್ಲೇ. ಮೂಳೆಯ ವಿಷಯ ಡಾಕ್ಟ್ರಿಗೆ ಬಿಡ್ತೇನೆ, ಲೋಹದ್ದು ಹೇಳ್ತೇನೆ.

ಹಳೇದು ಹೌದು. ಅಮೆರಿಕದ ಎಲ್ವುಡ್ ಹೇನ್ಸ್ 1907ರಲ್ಲೇ ಪೇಟೆಂಟ್ ತೆಗೆದದ್ದು, 1930ರ ದಶಕದಲ್ಲಿ ಹಲ್ಲಿಗೂ ಮೂಳೆಗೂ ಬಂತು. ಇಷ್ಟು ಕಾಲ ಉಳಿದದ್ದು ಗಡಸುತನದಿಂದ. ಎರಕದ ಫ್ರೇಮನ್ನು ತಿಕ್ಕಿ ಹದಕ್ಕೆ ತರುವಾಗ ನಮ್ಮ ಗ್ರೈಂಡಿಂಗ್ ಕಲ್ಲೇ ಪುಡಿಯಾಗಿ ಉದುರುತ್ತದೆ, ಲೋಹ ಬೇಗ ಬಗ್ಗುವುದಿಲ್ಲ. ಆದರೆ ಒಮ್ಮೆ ಪಾಲಿಶ್ ಹಿಡಿಯಿತೋ, ಹುಳಿ, ಉಪ್ಪು, ವೀಳ್ಯದೆಲೆ ಎಲ್ಲ ತಿನ್ನುವ ಬಾಯಲ್ಲೂ ತುಕ್ಕು ಹಿಡಿಯುವುದಿಲ್ಲ. ಕ್ರೋಮಿಯಂ ಮೇಲ್ಮೈಯಲ್ಲಿ ತೆಳ್ಳಗೆ ಆಕ್ಸೈಡ್ ಪೊರೆ ಕಟ್ಟಿಕೊಳ್ತದೆ, ಅದೇ ಕಾಪಾಡುವುದು.

ಗಂಟಿಗೂ ಬೇಕಾದ್ದು ಇದೇ. ತೊಡೆಮೂಳೆಯ ತುದಿಗೆ ಕೂರಿಸುವ ಬಾಗಿದ ಭಾಗ ಪ್ರತಿ ಹೆಜ್ಜೆಗೂ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಮೇಲೆ ಜಾರಬೇಕು. ಬರೀ ಟೈಟಾನಿಯಂ ಈ ತಿಕ್ಕಾಟಕ್ಕೆ ಆಗುವ ಲೋಹ ಅಲ್ಲ, ಗೀರು ಬೀಳ್ತದೆ. ಆ ಗೀರು ಪ್ಲಾಸ್ಟಿಕ್ಕನ್ನು ಕೆರೆಯುತ್ತದೆ. ಟೈಟಾನಿಯಂ ಚೆಂದ ಕೂರುವುದು ಕೆಳಗೆ, ಕಣಕಾಲಿನ ಮೂಳೆಯ ತಟ್ಟೆಯಲ್ಲಿ. ಮೇಲೆ ಕೋಬಾಲ್ಟ್ ಕ್ರೋಮ್, ಕೆಳಗೆ ಟೈಟಾನಿಯಂ ಇರುವ ಸೆಟ್ಟುಗಳು ಬೇಕಾದಷ್ಟುಂಟು. ಮಾವನಿಗೆ ಇದನ್ನು ಹೇಳಿ. ಕೋಬಾಲ್ಟ್ ರಕ್ತಕ್ಕೆ ಸೇರ್ತದೆ ಅಂತ ಅವರು ಎಲ್ಲಾದರೂ ಓದಿದ್ದರೆ, ಆ ಗಲಾಟೆ ಹೆಚ್ಚಾಗಿ ಲೋಹಕ್ಕೆ ಲೋಹವೇ ತಿಕ್ಕುವ ಸೊಂಟದ ಕೀಲಿನದ್ದು. ಮೊಣಗಂಟಿನಲ್ಲಿ ನಡುವೆ ಪ್ಲಾಸ್ಟಿಕ್ ಉಂಟು.

ಕಿವಿಯ ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ. ಗಿಲೀಟಿಗೆ ಕೆಂಪಾಗುವುದು ಸಾಮಾನ್ಯವಾಗಿ ನಿಕ್ಕಲ್ಲಿನಿಂದ. ಇಂಪ್ಲಾಂಟಿನ, ಅಂದರೆ ಮೈಯೊಳಗೆ ಕೂರಿಸುವ ಗಂಟಿನ, ಎರಕದ ಕೋಬಾಲ್ಟ್ ಕ್ರೋಮಿನಲ್ಲಿ ಕ್ರೋಮಿಯಂ 27ರಿಂದ 30 ಶೇಕಡಾ, ಮಾಲಿಬ್ಡಿನಮ್ 5ರಿಂದ 7. ನಿಕ್ಕಲ್ ಅರ್ಧ ಶೇಕಡಾ ದಾಟುವಂತಿಲ್ಲ. ಚರ್ಮಕ್ಕೆ ಆಗದವರಿಗೆ ಗಂಟೂ ಆಗುವುದಿಲ್ಲ ಅಂತಲೂ ಇಲ್ಲ. ಆದರೂ ಆಪರೇಷನ್ನಿಗೆ ಮೊದಲೇ ಡಾಕ್ಟ್ರ ಹತ್ತಿರ ಬಾಯಿಬಿಟ್ಟು ಹೇಳಿ. ಬೇಕಾದರೆ ಆಕ್ಸಿಡೈಸ್ಡ್ ಜಿರ್ಕೋನಿಯಮ್ಮಿನದ್ದು, ಅಂದರೆ ಮೇಲೆ ಗಟ್ಟಿ ಆಕ್ಸೈಡ್ ಪೊರೆ ಕಟ್ಟಿಸಿದ ಜಿರ್ಕೋನಿಯಂ ಲೋಹದ್ದು, ಸಿಗ್ತದೆ. 2017ರ ಆಗಸ್ಟಿನಲ್ಲಿ ಸರ್ಕಾರ ಬೆಲೆಗೆ ಮಿತಿ ಹಾಕಿದಾಗ ಕೋಬಾಲ್ಟ್ ಕ್ರೋಮ್ ಸೆಟ್ಟಿಗೆ 54,720 ರೂಪಾಯಿ, ಟೈಟಾನಿಯಂ ಮತ್ತು ಜಿರ್ಕೋನಿಯಂ ಸೆಟ್ಟಿಗೆ 76,600 ಇತ್ತು, ಜಿಎಸ್‌ಟಿ ಬೇರೆ. ಈಗಿನ ದರ ಕೇಳಿ ಬರೆಸಿಕೊಳ್ಳಿ.

ಕಾಪುತೀರ:
ತುಂಬ ಉಪಕಾರ ಆಯ್ತು ಮಾರಾಯ್ರೆ. ಕಿವಿಯದ್ದು ನಾವು ಹೇಳಲೇ ಇಲ್ಲ, ಸೋಮವಾರ ಹೇಳ್ತೇನೆ. ಮುಂದೆ ಎಂಆರ್‌ಐ ಮಾಡಿಸಬಹುದಾ?

ಮಣಿಪಾಲ ಲ್ಯಾಬ್:
ಸಾಮಾನ್ಯವಾಗಿ ಮಾಡ್ತಾರೆ, ಅಯಸ್ಕಾಂತ ಇದನ್ನು ಕಬ್ಬಿಣದ ಹಾಗೆ ಎಳೆಯುವುದಿಲ್ಲ. ಗಂಟಿನ ಸುತ್ತ ಚಿತ್ರ ಮಸುಕಾಗ್ತದೆ ಅಷ್ಟೆ. ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರಿನಲ್ಲಿ ಕಂಪೆನಿ, ಸೈಜು, ಲಾಟ್ ನಂಬರ್ ಇರ್ತದೆ. ಅದನ್ನು ಫೈಲಿಗೆ ಅಂಟಿಸಿಕೊಡಲು ಹೇಳಿ, ಎಂಆರ್‌ಐಯವರು ಮೊದಲು ಕೇಳುವುದು ಅದನ್ನೇ.